ಹೊರಗೆ ಕುಳಿತ ಆಟಗಾರ



ನಂಜನಗೂಡಿನ ಪಂದ್ಯಕ್ಕೆ ಹೋದಾಗಲೂ, ತಿ.ನರಸೀಪುರಕ್ಕೆ ಹೋದಾಗಲೂ ನಾನು ಖೋ ಖೋ ತಂಡದ ಹೆಚ್ಚುವರಿ ಆಟಗಾರ. ಓಟದಲ್ಲಿ ಮುಂದಿದ್ದೆ, ಆದರೂ ಅಂಕಣಕ್ಕೆ ಇಳಿಸಲಿಲ್ಲ. ಏಕೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. ನಮ್ಮ ಕರ್ನಾಟಕದ ಕರುಣ್ ನಾಯರ್ 2016ರ ಡಿಸೆಂಬರಿನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಔಟಾಗದೆ 303 ರನ್ ಹೊಡೆದರು. ಮುಂದಿನ ಟೆಸ್ಟಿನಲ್ಲೇ, ಗಾಯದಿಂದ ಮರಳಿದ ರಹಾನೆಗೆ ಜಾಗ ಬಿಡಬೇಕಾಯಿತು. 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಹೊರಗೇ ಕುಳಿತರು. ನಡುವೆ ಬಂದ ಹನುಮ ವಿಹಾರಿಗೆ ಕೊನೆಯ ಟೆಸ್ಟ್ ಸಿಕ್ಕಿತು. ಆದರೂ ಕರುಣ್ ಆಟ ಬಿಡಲಿಲ್ಲ. 2025ರಲ್ಲಿ ಭಾರತ ತಂಡಕ್ಕೆ ಮರಳಿದರು.

ಮಕ್ಕಳೇ, ಅಭ್ಯಾಸ ಬಿಡಬೇಡಿ. ಶಿಕ್ಷಕರೇ, ಯಾರನ್ನು ಆಡಿಸಬೇಕೆಂಬುದು ನಿಮ್ಮ ತೀರ್ಮಾನ. ಹೊರಗೆ ಕುಳಿತವನಿಗೆ ಕಾರಣ ಹೇಳಿಬಿಡಿ. ತಿಳಿದಿದ್ದರೆ ನಾನು ತಿದ್ದಿಕೊಳ್ಳುತ್ತಿದ್ದೆ.