ಮರಳ ದಿಬ್ಬದ ನಕ್ಷೆಯಲ್ಲಿ ಹಸಿರು ಬಣ್ಣದ ಅರ್ಥವೇನು?



ಕಡಲತೀರದ ನಕ್ಷೆ ಮಾಡುವುದು ನನ್ನ ಕಸುಬು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಮಾಡಿದ ಒಂದು ತಪ್ಪಿನಿಂದಲೇ ಮಾತು ಆರಂಭಿಸುತ್ತೇನೆ. ಮರಳ ದಿಬ್ಬಗಳ ವೈಮಾನಿಕ ಚಿತ್ರದಲ್ಲಿ ಬೋಳು ಮರಳು ಕಂಡಲ್ಲೆಲ್ಲ ಕೆಂಪು ತುಂಬಿ ‘ಅಪಾಯ’ ಎಂದು ಬರೆದೆ, ಹುಲ್ಲು ಕಂಡಲ್ಲಿ ಹಸಿರು ತುಂಬಿ ‘ಸುರಕ್ಷಿತ’ ಎಂದೆ. ನಕ್ಷೆ ನೋಡಿದ ಸಸ್ಯತಜ್ಞೆಯೊಬ್ಬರು ನಕ್ಕು, "ಬಣ್ಣ ಅದಲುಬದಲಾಗಿದೆಯಲ್ಲ!" ಎಂದರು.

ಅವರ ಮಾತು ಅರ್ಥವಾಗಬೇಕಾದರೆ ವೇಲ್ಸ್‌ನ ಕೆನ್‌ಫಿಗ್ ನೋಡಬೇಕು. ಮಧ್ಯಯುಗದಲ್ಲಿ ಅಲ್ಲಿನ ಪಟ್ಟಣವೇ ಮರಳಿನಡಿ ಹೂತುಹೋಯಿತು; ಕೋಟೆಯ ಅವಶೇಷ ಇಂದಿಗೂ ಇದೆ. ಈಗ ಸಮಸ್ಯೆ ತಿರುಗುಮುರುಗು. 1940ರ ದಶಕದ ವೈಮಾನಿಕ ಚಿತ್ರಗಳಲ್ಲಿ ಸುಮಾರು ಶೇ. 40ರಷ್ಟು ಬೋಳು ಮರಳಿತ್ತು. ಈ ಶತಮಾನದ ಹೊತ್ತಿಗೆ ಅದು ಶೇ. 2ರ ಆಸುಪಾಸಿಗೆ ಇಳಿಯಿತು. 1950ರ ದಶಕದಲ್ಲಿ ರೋಗ ಬಂದು ಹುಲ್ಲು ಮೇಯುವ ಮೊಲಗಳು ಸತ್ತವು. ಗಾಳಿಯಿಂದ ಇಳಿಯುವ ಸಾರಜನಕ ಹುಲ್ಲಿಗೆ ಗೊಬ್ಬರವಾಯಿತು. ದಿಬ್ಬಗಳ ನಡುವಿನ ತೇವದ ತಗ್ಗುಗಳಲ್ಲಿ, ಹೊಸದಾಗಿ ತೆರೆದ ಮರಳಿನಲ್ಲಿ ಬೆಳೆಯುವ ಫೆನ್ ಆರ್ಕಿಡ್‌ನಂಥ ಅಪರೂಪದ ಗಿಡಗಳಿಗೆ ಜಾಗವೇ ಉಳಿಯಲಿಲ್ಲ. 2012ರ ನಂತರ ಅಲ್ಲಿ ಯಂತ್ರಗಳಿಂದ ಹುಲ್ಲುಹೊದಿಕೆ ಕೆತ್ತಿ ಮತ್ತೆ ಮರಳು ತೆರೆಯುವ ಕೆಲಸ ನಡೆದಿದೆ.

ಈ ಬದಲಾವಣೆಯನ್ನು ಅಳೆಯುವುದು ಹೇಗೆ? ಹಳೆಯ ಕಪ್ಪು-ಬಿಳುಪು ಚಿತ್ರವನ್ನು ಚರ್ಚು, ರಸ್ತೆಕೂಡುಗಳಂಥ ಕದಲದ ಗುರುತುಗಳಿಗೆ ಹೊಂದಿಸಿ, ವಿಮಾನದ ಓರೆಯನ್ನು ಸರಿಪಡಿಸಬೇಕು. ಒಣ ಮರಳು ಬೆಳ್ಳಗೆ ಕಾಣುತ್ತದೆ. ಒದ್ದೆ ಮರಳು ಮತ್ತು ದಿಬ್ಬದ ನೆರಳು ಹುಲ್ಲಿನಂತೆ ಕಪ್ಪಾಗಿ ಮೋಸ ಮಾಡುತ್ತವೆ. ಇಂದಿನ ಚಿತ್ರಗಳಲ್ಲಿ ಅತಿಗೆಂಪು ಕಿರಣ ಜೀವಂತ ಎಲೆಯನ್ನು ಹಿಡಿದುಕೊಡುತ್ತದೆ. ಲೈಡಾರ್ ಎತ್ತರ ಹೇಳುತ್ತದೆ. ಎರಡು ವರ್ಷಗಳ ಎತ್ತರವನ್ನು ಕಳೆದರೆ ಮರಳು ಎಲ್ಲಿ ಕೂಡಿತು, ಎಲ್ಲಿ ಕೊರೆದುಹೋಯಿತು ಎಂದು ತಿಳಿಯುತ್ತದೆ.

ಆದರೆ ಅಪಾಯ ಯಾವುದು ಎಂದು ಚಿತ್ರ ಹೇಳುವುದಿಲ್ಲ. ಹಿಂದೆ ಮನೆಗಳಿರುವಲ್ಲಿ ಕಡಲಿಗೆ ಎದುರಾದ ದಿಬ್ಬ ಬೋಳಾಗಿ ಒಡೆದರೆ ಅದು ಅಪಾಯವೇ. ಒಳಗಿನ ತಗ್ಗಿನಲ್ಲಿ ಅದೇ ಬೋಳು ಮರಳು ಗಿಡಗಳಿಗೆ ಆಸರೆ. ಆದ್ದರಿಂದ ಪ್ರತಿ ಚೌಕಕ್ಕೂ ಮೂರು ಪ್ರಶ್ನೆ ಕೇಳುತ್ತೇವೆ: ಇಲ್ಲಿ ಯಾರ ಬದುಕಿದೆ? ಏನು ಬದಲಾಗುತ್ತಿದೆ? ಕಳೆದದ್ದು ತಾನಾಗಿ ಮರಳಿ ಬಂದೀತೇ?

ನಮ್ಮ ಉತ್ತರ ಕನ್ನಡದ ತೀರದಲ್ಲಿ ಗಾಳಿಮರದ ತೋಪುಗಳಿವೆ. ಮೇಲಿನಿಂದ ನೋಡಿದರೆ ಅವೂ ಹಸಿರು, ಅಡುಂಬು ಬಳ್ಳಿ ಹಬ್ಬಿದ ಮರಳೂ ಹಸಿರು. ಒಂದು ನಾವು ನೆಟ್ಟದ್ದು, ಇನ್ನೊಂದು ಮರಳನ್ನು ತಾನೇ ಹಿಡಿದು ದಿಬ್ಬ ಕಟ್ಟುವಂಥದ್ದು. ಎರಡಕ್ಕೂ ಒಂದೇ ಬಣ್ಣ ಕೊಟ್ಟರೆ ನಕ್ಷೆ ಸುಳ್ಳಾಗುತ್ತದೆ.

ಈ ಸಭೆಯಲ್ಲಿ ಕಂಪ್ಯೂಟರಿಗೆ ಚಿತ್ರ ಗುರುತಿಸಲು ಕಲಿಸುವ ಅನೇಕರಿದ್ದೀರಿ. ನನ್ನದು ಒಂದೇ ಕೋರಿಕೆ: ಹೆಸರಿನ ಪಟ್ಟಿ ಕೊಡುವ ಮುನ್ನ ಆ ನೆಲವನ್ನು ಬಲ್ಲವರ ಜೊತೆ ಒಂದು ದಿನ ಅಲ್ಲಿ ನಡೆದು ಬನ್ನಿ. ನಾನು ತಡವಾಗಿ ನಡೆದೆ. ನಕ್ಷೆಯನ್ನು ಮೊದಲಿನಿಂದ ಬಣ್ಣ ಹಚ್ಚಬೇಕಾಯಿತು.