ದಿಲ್ಲಿಗೆ ಮೂರು ಬಾಗಿಲು: ನಾವು ತಟ್ಟಬೇಕಾದ್ದು ಯಾವುದನ್ನು?

(ಕನ್ನಡ ಯುವಕ ಯುವತಿಯರ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೈಸೂರು ಬ್ಯಾಂಕ್ ವೃತ್ತದಲ್ಲಿ ನಿಂತು "ಕೇಂದ್ರ ಸರ್ಕಾರಕ್ಕೆ ಧಿಕ್ಕಾರ" ಎಂದು ನಾವು ಎಷ್ಟು ಸಲ ಕೂಗಿಲ್ಲ! ಗಂಟಲು ಹರಿಯುವಂತೆ ಕೂಗಿದ್ದೇವೆ. ಪೊಲೀಸ್ ವ್ಯಾನು ಹತ್ತಿದ್ದೇವೆ. ಸಂಜೆ ಬಿಡುಗಡೆಯಾಗಿ ಮನೆಗೆ ಬಂದಿದ್ದೇವೆ. ಇವತ್ತು ನಿಮಗೆ ನನ್ನದೊಂದು ಪ್ರಶ್ನೆ. ಆ ಧಿಕ್ಕಾರ ಯಾರಿಗೆ ಮುಟ್ಟಿತು? ರಾಷ್ಟ್ರಪತಿಗೋ, ಪ್ರಧಾನಿಗೋ, ಲೋಕಸಭೆಗೋ, ಸುಪ್ರೀಂ ಕೋರ್ಟಿಗೋ? ವಿಳಾಸ ಬರೆಯದೆ ಡಬ್ಬಿಗೆ ಹಾಕಿದ ಕಾಗದ ಯಾರ ಕೈಗೂ ಸೇರುವುದಿಲ್ಲ. ನಮ್ಮ ಸಿಟ್ಟಿನ ಗತಿಯೂ ಹಾಗೇ ಆಗಿದೆ.

ದಿಲ್ಲಿಗೆ ಇರುವುದು ಒಂದು ಬಾಗಿಲಲ್ಲ, ಮೂರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಪರೀಕ್ಷೆಗೆಂದು ಉರು ಹೊಡೆದು ಮರೆತಿದ್ದೀರಿ. ಇವತ್ತು ಕನ್ನಡಕ್ಕಾಗಿ ಮತ್ತೆ ಕಲಿಯೋಣ.

ಮೊದಲ ಬಾಗಿಲು ಶಾಸಕಾಂಗ. ರಾಷ್ಟ್ರಪತಿ, ಲೋಕಸಭೆ, ರಾಜ್ಯಸಭೆ ಮೂರೂ ಸೇರಿದರೆ ಸಂಸತ್ತು. ಲೋಕಸಭೆಯನ್ನು ನಡೆಸುವವರು ಸ್ಪೀಕರ್, ರಾಜ್ಯಸಭೆಯನ್ನು ನಡೆಸುವವರು ಉಪರಾಷ್ಟ್ರಪತಿ. ಹಿಂದಿಯನ್ನು ಒಕ್ಕೂಟದ ಆಡಳಿತ ಭಾಷೆ ಎನ್ನುವ ಸಂವಿಧಾನದ 343ನೇ ವಿಧಿ ಬದಲಾಗಬೇಕಾದರೆ ಅದು ಇಲ್ಲೇ ಆಗಬೇಕು. ಎರಡೂ ಸದನಗಳಲ್ಲಿ ಮತ ಹಾಕಿದವರ ಪೈಕಿ ಮೂರನೇ ಎರಡು ಭಾಗ ಒಪ್ಪಬೇಕು. ಲೆಕ್ಕ ನೋಡಿ: ಲೋಕಸಭೆಯ 543 ಸ್ಥಾನಗಳಲ್ಲಿ ನಮ್ಮದು 28, ರಾಜ್ಯಸಭೆಯ 245ರಲ್ಲಿ 12. ನಮ್ಮವರೆಲ್ಲ ಒಟ್ಟಾಗಿ ಎದ್ದು ನಿಂತರೂ ಸಾಲದು. ನೀರಿನ ಜಗಳ, ಗಡಿಯ ಜಗಳ ಏನೇ ಇರಲಿ, ಈ ಒಂದು ವಿಷಯದಲ್ಲಿ ತಮಿಳರು, ಮರಾಠಿಗರು, ಬಂಗಾಳಿಗಳ ಜೊತೆ ಕೈ ಜೋಡಿಸದೆ ಗತಿಯಿಲ್ಲ.

ಆದರೆ ಸದನದಲ್ಲಿ ಕನ್ನಡ ಮಾತಾಡಲು ಅಷ್ಟು ದೂರ ಹೋಗಬೇಕಿಲ್ಲ. ಹಿಂದಿ, ಇಂಗ್ಲಿಷ್ ಸರಿಯಾಗಿ ಬಾರದ ಸದಸ್ಯರಿಗೆ ತಾಯ್ನುಡಿಯಲ್ಲಿ ಮಾತಾಡಲು ಪೀಠದಲ್ಲಿರುವವರು ಅನುಮತಿ ಕೊಡಬಹುದು ಎಂದು 120ನೇ ವಿಧಿಯೇ ಹೇಳುತ್ತದೆ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿ ತೋರಿಸಿದರು. 2018ರಲ್ಲಿ ರಾಜ್ಯಸಭೆ 22 ಭಾಷೆಗಳಿಗೆ ಅನುವಾದದ ಏರ್ಪಾಟು ಮಾಡಿತು. ಇನ್ನೂ ನೆಪ ಯಾಕೆ? ನಿಮ್ಮ ಸಂಸದರು ಮುಂದಿನ ಸಲ ಊರಿಗೆ ಬಂದಾಗ ಹಾರ ಹಾಕುವ ಮೊದಲು ಕೇಳಿ: "ಸ್ವಾಮಿ, ಸದನದಲ್ಲಿ ಎಷ್ಟು ಸಲ ಕನ್ನಡ ಮಾತಾಡಿದಿರಿ?"

ಎರಡನೆಯ ಬಾಗಿಲು ಕಾರ್ಯಾಂಗ. ಇಲ್ಲಿ ಹೆಸರಿಗೆ ರಾಷ್ಟ್ರಪತಿ, ಕೆಲಸಕ್ಕೆ ಪ್ರಧಾನಿ ಮತ್ತು ಮಂತ್ರಿಮಂಡಲ. ರೈಲ್ವೆ, ಅಂಚೆ, ಕೇಂದ್ರದ ನೌಕರಿ ಪರೀಕ್ಷೆ, ನಾವು ದಿನಾ ಏಟು ತಿನ್ನುವುದೆಲ್ಲ ಈ ಬಾಗಿಲ ಮುಂದೆಯೇ. ಒಳ್ಳೆಯ ಸುದ್ದಿ ಏನೆಂದರೆ, ಬೇಗ ತೆರೆಯುವ ಬಾಗಿಲೂ ಇದೇ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ವರ್ಷಾನುಗಟ್ಟಲೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತಿತ್ತು. ಹಿಂದಿಯವನಿಗೆ ಅವನ ತಾಯ್ನುಡಿ, ನಮ್ಮ ಹಳ್ಳಿ ಹುಡುಗನಿಗೆ ಪರಭಾಷೆ. ದಕ್ಷಿಣದಿಂದ ಕೂಗೆದ್ದಿತು. 2023ರಲ್ಲಿ ಗೃಹ ಸಚಿವಾಲಯ ತೀರ್ಮಾನಿಸಿತು. 2024ರಿಂದ ಕನ್ನಡವೂ ಸೇರಿ ಇನ್ನೂ 13 ಭಾಷೆಗಳಲ್ಲಿ ಪ್ರಶ್ನೆಪತ್ರಿಕೆ ಬಂತು. ಸಂವಿಧಾನದ ಒಂದಕ್ಷರವೂ ಬದಲಾಗಲಿಲ್ಲ. ಬೇಕಾದದ್ದು ಒಂದು ಸಚಿವಾಲಯದ ಆದೇಶ, ಅಷ್ಟೇ!

ಮೂರನೆಯ ಬಾಗಿಲು ನ್ಯಾಯಾಂಗ. ಇದರ ತುದಿಯಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯನ್ನು ಪ್ರಧಾನಿ ಮನೆಗೆ ಕಳಿಸುವಂತಿಲ್ಲ. ತೆಗೆಯಬೇಕಾದರೆ ಸಂಸತ್ತೇ ಮನಸ್ಸು ಮಾಡಬೇಕು. ಆದರೂ ಒಂದು ಅಂಗ ಇನ್ನೊಂದರ ಕೊರಳಿಗೆ ಕೈ ಹಾಕಿದ್ದುಂಟು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಮೊಕದ್ದಮೆಯಲ್ಲಿ, 1973ರ ಏಪ್ರಿಲ್ 24ರಂದು, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದು 13 ನ್ಯಾಯಮೂರ್ತಿಗಳಲ್ಲಿ 7 ಮಂದಿ ಹೇಳಿದರು. ಅವರಲ್ಲಿ ನಮ್ಮ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆಯವರೂ ಒಬ್ಬರು. ತೀರ್ಪಿನ ಬೆನ್ನಲ್ಲೇ ಸರ್ಕಾರ ಹೆಗ್ಡೆಯವರೂ ಸೇರಿ ಮೂವರು ಹಿರಿಯರನ್ನು ಬದಿಗೊತ್ತಿ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಅದೇ ಹೆಗ್ಡೆಯವರನ್ನು ಬೆಂಗಳೂರು ದಕ್ಷಿಣದ ಜನ ಲೋಕಸಭೆಗೆ ಕಳಿಸಿದರು. ಅಲ್ಲಿ ಅವರು ಸ್ಪೀಕರ್ ಆದರು!

ಈಗ ಹೈಕೋರ್ಟಿಗೆ ಬನ್ನಿ. ನಮ್ಮ ರೈತನ ಜಮೀನಿನ ವ್ಯಾಜ್ಯ ಇಂಗ್ಲಿಷಿನಲ್ಲಿ ನಡೆಯುತ್ತದೆ. ಗೆದ್ದನೋ ಸೋತನೋ ವಕೀಲರು ಹೇಳಬೇಕು. ಆದರೆ 348ನೇ ವಿಧಿ ಓದಿ: ರಾಷ್ಟ್ರಪತಿಯ ಮುಂಚಿನ ಒಪ್ಪಿಗೆ ಪಡೆದು ರಾಜ್ಯಪಾಲರು ಹೈಕೋರ್ಟಿನ ಕಲಾಪಕ್ಕೆ ರಾಜ್ಯದ ಭಾಷೆಯನ್ನು ಬಳಸಲು ಅನುಮತಿ ಕೊಡಬಹುದು. ರಾಜಸ್ಥಾನ, ಉತ್ತರಪ್ರದೇಶ, ಮಧ್ಯಪ್ರದೇಶ, ಬಿಹಾರಗಳ ಹೈಕೋರ್ಟುಗಳಲ್ಲಿ ಹೀಗೇ ಹಿಂದಿ ಬಂತು. ಕರ್ನಾಟಕವೂ ಕೇಳಿತು. ಆಗ ಕೇಂದ್ರ ಏನು ಮಾಡಿತು? ಇಂಥ ವಿಷಯದಲ್ಲಿ ಮುಖ್ಯ ನ್ಯಾಯಮೂರ್ತಿಯ ಅಭಿಪ್ರಾಯ ಪಡೆಯಬೇಕು ಎಂಬ 1965ರ ಸಂಪುಟ ತೀರ್ಮಾನವನ್ನು ಹಿಡಿದು ಕಡತವನ್ನು ಸುಪ್ರೀಂ ಕೋರ್ಟಿಗೆ ಕಳಿಸಿತು. 2012ರಲ್ಲಿ ಅಲ್ಲಿಂದ ಬೇಡ ಎಂದು ಉತ್ತರ ಬಂತು. ತಮಿಳು, ಬಂಗಾಳಿ, ಗುಜರಾತಿಗೂ ಅದೇ ಉತ್ತರ. 348ನೇ ವಿಧಿಯ ಆ ಮಾತಿನಲ್ಲಿ ಮುಖ್ಯ ನ್ಯಾಯಮೂರ್ತಿಯ ಹೆಸರೇ ಇಲ್ಲ! ಸಂವಿಧಾನ ಇಡದ ಬೀಗವನ್ನು ಕಾರ್ಯಾಂಗವೇ ಹಾಕಿಕೊಂಡಿತು. ಹಾಕಿದವರೇ ತೆಗೆಯಬೇಕು. ಹಾಗಾಗಿ ಈ ಕೂಗು ಕೋರ್ಟಿನ ಮುಂದಲ್ಲ, ದಿಲ್ಲಿಯ ಮಂತ್ರಿಮಂಡಲದ ಮುಂದೆ, ಅದಕ್ಕೂ ಮೊದಲು ಪ್ರಸ್ತಾವವನ್ನು ಮತ್ತೆ ಕಳಿಸಬೇಕಾದ ನಮ್ಮ ವಿಧಾನಸೌಧದ ಮುಂದೆ ಏಳಬೇಕು.

"ದಿಲ್ಲಿಯಲ್ಲಿ ನಮ್ಮವರು ಇಲ್ಲ, ಅದಕ್ಕೇ ಹೀಗೆ" ಎಂದು ಕೆಲವರು ಹೇಳುತ್ತಾರೆ. ಇಲ್ಲದೆ ಏನು? 1977ರ ಜುಲೈನಲ್ಲಿ ಕೆಲವು ದಿನ ಹಂಗಾಮಿ ರಾಷ್ಟ್ರಪತಿ ಬಿ.ಡಿ. ಜತ್ತಿ, ಸ್ಪೀಕರ್ ಕೆ.ಎಸ್. ಹೆಗ್ಡೆ, ಇಬ್ಬರೂ ಕನ್ನಡಿಗರು. 1989ರಲ್ಲಿ ಇ.ಎಸ್. ವೆಂಕಟರಾಮಯ್ಯ, 1993ರಲ್ಲಿ ಎಂ.ಎನ್. ವೆಂಕಟಾಚಲಯ್ಯ, 2004ರಲ್ಲಿ ಎಸ್. ರಾಜೇಂದ್ರ ಬಾಬು ಮುಖ್ಯ ನ್ಯಾಯಮೂರ್ತಿಗಳಾದರು. 1996ರಲ್ಲಿ ದೇವೇಗೌಡರು ಪ್ರಧಾನಿಯಾದರು. ಮೂರು ಅಂಗಗಳ ತುದಿಯಲ್ಲೂ ಕನ್ನಡಿಗ ಕೂತ. ಕನ್ನಡ ಕೂತಿತೇ? ಇಲ್ಲ. ಇದು ಅವರನ್ನು ಹಳಿಯುವ ಮಾತಲ್ಲ. ಕುರ್ಚಿ ನಡೆಯುವುದು ನಿಯಮದಂತೆ. ನಿಯಮ ಬದಲಾಗದೆ ಕೂತವರು ಬದಲಾದರೆ ಕನ್ನಡಕ್ಕೆ ಏನು ಬಂತು?

ಗೆಳೆಯರೇ, ಒಂದು ಹತಾರ ಈಗಾಗಲೇ ನಿಮ್ಮ ಕೈಯಲ್ಲಿದೆ. 350ನೇ ವಿಧಿ. ಒಕ್ಕೂಟದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕುಂದುಕೊರತೆಯ ಅರ್ಜಿ ಕೊಡಲು ಪ್ರತಿಯೊಬ್ಬರಿಗೂ ಹಕ್ಕಿದೆ. "ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ತನ್ನಿ" ಎಂದು ಕೌಂಟರಿನಲ್ಲಿ ಹೇಳಿದರೆ ತಲೆ ತಗ್ಗಿಸಿ ಬರಬೇಡಿ. 350 ಎಂದು ಹೇಳಿ, ಕನ್ನಡದ ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿ ಪಡೆಯಿರಿ.

ಇವತ್ತು ಮನೆಗೆ ಹೋಗಿ ಮೂರು ಕಾಗದ ಬರೆಯಿರಿ. ಒಂದು ನಿಮ್ಮ ಸಂಸದರಿಗೆ, ಸದನದಲ್ಲಿ ಕನ್ನಡ ಮಾತಾಡಿ ಎಂದು. ಒಂದು ಕೇಂದ್ರ ಮಂತ್ರಿಗೆ, ಪರೀಕ್ಷೆಯೆಲ್ಲ ಕನ್ನಡದಲ್ಲೂ ನಡೆಯಲಿ ಎಂದು. ಒಂದು ನಮ್ಮ ಮುಖ್ಯಮಂತ್ರಿಗೆ, ಹೈಕೋರ್ಟಿನ ಪ್ರಸ್ತಾವ ಮತ್ತೆ ಹೋಗಲಿ ಎಂದು. ಮೂರೂ ಕನ್ನಡದಲ್ಲಿ. ಆಮೇಲೆ ಬೀದಿಗೆ ಇಳಿಯೋಣ. ಆಗ ನಮ್ಮ ಧಿಕ್ಕಾರಕ್ಕೆ ವಿಳಾಸವಿರುತ್ತದೆ.

ಸಿರಿಗನ್ನಡಂ ಗೆಲ್ಗೆ!