ಚೀಲದ ಮೇಲೆ ಹೆಸರು ಯಾರದೋ ಹೊಣೆಯೂ ಅವರದೇ

(ಗಿರಣಿ ಕಾಮಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಹಳ್ಳಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡಿದವರು. ಊರಿನ ಸುಖದುಃಖವೆಲ್ಲ ಮಾಸ್ತರನಿಗೆ ಹಾಜರಿ ಪುಸ್ತಕದಲ್ಲೇ ಕಾಣುತ್ತದೆ. ಬೀಜದ ಹತ್ತಿ ಹೂ ಬಿಡುವ ಕಾಲ ಬಂದಿತೆಂದರೆ ನಮ್ಮ ಪುಸ್ತಕದಲ್ಲಿ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತಿತ್ತು. ಮನೆಗೆ ಹೋಗಿ ಕೇಳಿದರೆ ತಾಯಿ ತಲೆ ತಗ್ಗಿಸಿ, "ಮುಂಗಡ ಇಸ್ಕೊಂಡೀವ್ರಿ ಮಾಸ್ತರ, ಕ್ರಾಸಿಂಗ್ ಮುಗಿಯೂತನಕ ಸಾಲಿಗೆ ಕಳಸೂದು ಆಗಂಗಿಲ್ರಿ" ಎನ್ನುತ್ತಿದ್ದಳು.

ಈ ಕ್ರಾಸಿಂಗ್ ಎಂದರೇನು? ಗಿರಣಿಯಲ್ಲಿ ನೀವು ನೂಲುವ ಹತ್ತಿ ಬಹುಮಟ್ಟಿಗೆ ಹೈಬ್ರಿಡ್ ಬೀಜದಿಂದ ಬೆಳೆದದ್ದು. ೧೯೭೦ರಲ್ಲಿ ಗುಜರಾತಿನಲ್ಲಿ ಎಚ್-೪, ೧೯೭೨ರಲ್ಲಿ ನಮ್ಮ ಧಾರವಾಡದಲ್ಲಿ ವರಲಕ್ಷ್ಮಿ, ಹೀಗೆ ಈ ತಳಿಗಳು ಹೊರಬಂದವು. ಇಂಥ ಬೀಜವನ್ನು ರೈತ ಮನೆಯಲ್ಲಿ ಎತ್ತಿಟ್ಟು ಮರುವರ್ಷ ಬಿತ್ತಿದರೆ ಗುಣ ನಿಲ್ಲುವುದಿಲ್ಲ. ವರ್ಷ ವರ್ಷವೂ ಹೊಸದನ್ನು ಕೊಳ್ಳಬೇಕು. ಅದನ್ನು ತಯಾರಿಸುವುದು ಬಹುಪಾಲು ಕೈಯಿಂದಲೇ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆ ಹುಡುಕಿ, ಎಸಳನ್ನೂ ಗಂಡು ಕೇಸರವನ್ನೂ ಉಗುರಿನಿಂದ ಬಿಡಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಹೂ ತಂದು ಪರಾಗ ತಾಗಿಸಬೇಕು. ಒಂದೊಂದು ಹೂವಿಗೂ ಹೀಗೆ, ದಿನ ತಪ್ಪದೆ, ತಿಂಗಳುಗಟ್ಟಲೆ. ಔಷಧಿ ಹೊಡೆದ ಹೊಲದಲ್ಲಿಯೇ ಈ ಕೆಲಸ.

ಮಕ್ಕಳ ಬೆರಳು ಚುರುಕು, ಅದಕ್ಕೇ ಅವರು ಬೇಕು ಎನ್ನುತ್ತಾರೆ. ಸುಳ್ಳು. ಬೇಕಾದದ್ದು ಬೆರಳಲ್ಲ, ಅಗ್ಗದ ಕೂಲಿ. ಕೈ ಕೆಸರಾದರೆ ಬಾಯಿ ಮೊಸರು ಎಂದು ಶಾಲೆಯಲ್ಲಿ ನಾವೇ ಹೇಳಿಕೊಟ್ಟಿದ್ದೇವೆ. ಇಲ್ಲಿ ಕೆಸರಾದದ್ದು ಮಗುವಿನ ಕೈ, ಮೊಸರು ತಿಂದ ಬಾಯಿ ಬೇರೆ.

ಇದು ಒಂದು ಊರಿನ ಮಾತಲ್ಲ. ೨೦೧೫ರಲ್ಲಿ ಪ್ರಕಟವಾದ ಅಧ್ಯಯನವೊಂದು ಕರ್ನಾಟಕವೂ ಸೇರಿ ಆರು ರಾಜ್ಯಗಳ ಹತ್ತಿ ಬೀಜದ ಹೊಲಗಳಲ್ಲಿ ಸುಮಾರು ೫ ಲಕ್ಷ ಮಕ್ಕಳು ದುಡಿಯುತ್ತಿದ್ದರೆಂದು ಲೆಕ್ಕ ಹಾಕಿತು. ಅವರಲ್ಲಿ ಸುಮಾರು ೨ ಲಕ್ಷ ಮಕ್ಕಳು ೧೪ ವರ್ಷದೊಳಗಿನವರು.

ಈಗ ಹೊಣೆ ಯಾರದು? ಕಂಪನಿಯನ್ನು ಕೇಳಿದರೆ, "ನಾವು ಯಾರನ್ನೂ ಕೂಲಿಗೆ ಇಟ್ಟಿಲ್ಲ, ಬೀಜ ಕೊಂಡಿದ್ದೇವೆ ಅಷ್ಟೆ" ಎನ್ನುತ್ತದೆ. ನಡುವಿನ ಏಜೆಂಟ ರೈತನತ್ತ ಕೈ ತೋರಿಸುತ್ತಾನೆ. ರೈತ, "ಕಂಪನಿ ಕೊಡುವ ದರದಲ್ಲಿ ದೊಡ್ಡವರ ಕೂಲಿ ಹುಟ್ಟುವುದಿಲ್ಲ" ಎನ್ನುತ್ತಾನೆ. ಕಟ್ಟಕಡೆಗೆ ತಪ್ಪೆಲ್ಲ ಮುಂಗಡ ಪಡೆದ ಬಡತಾಯಿಯ ತಲೆಗೆ!

ಗಿರಣಿಯ ಸಂಗಾತಿಗಳು ತಮ್ಮ ಚರಿತ್ರೆಯನ್ನು ನೆನೆಯಬೇಕು. ೧೮೮೧ರ ಫ್ಯಾಕ್ಟರಿ ಕಾಯಿದೆ ಏಳು ವರ್ಷ ತುಂಬಿದ ಮಗುವನ್ನು ದಿನಕ್ಕೆ ಒಂಬತ್ತು ತಾಸು ದುಡಿಸಲು ಬಿಟ್ಟಿತ್ತು. ಆ ವಯಸ್ಸು ೧೮೯೧ರಲ್ಲಿ ೯ಕ್ಕೆ, ೧೯೨೨ರಲ್ಲಿ ೧೨ಕ್ಕೆ, ೧೯೪೮ರಲ್ಲಿ ೧೪ಕ್ಕೆ ಏರಿತು. ಗಿರಣಿಗೆ ಒಂದು ಗೇಟಿತ್ತು, ಮಸ್ಟರ್ ಇತ್ತು, ಹಿಡಿದು ಕೇಳಲು ಒಬ್ಬ ಮಾಲಿಕನಿದ್ದ. ಹೊಲಕ್ಕೆ ಗೇಟಿಲ್ಲ, ಮಸ್ಟರಿಲ್ಲ. ಮಾಲಿಕ ನಾಲ್ಕು ಕೈಗಳ ಆಚೆ ಕುಳಿತಿದ್ದಾನೆ. ಮಗು ಗಿರಣಿಯಿಂದ ಹೊರಬಂದಿತು, ಗಿರಣಿಗೆ ಬರುವ ಹತ್ತಿಯ ಬೀಜದೊಳಗೆ ಹೊಕ್ಕಿತು.

ವರ್ತಕ ಬಂಧುಗಳನ್ನು ಒಂದು ಮಾತು ಕೇಳುತ್ತೇವೆ. ನಿಮ್ಮ ಅಂಗಡಿಯ ಬೇಳೆಯಲ್ಲಿ ಕಲ್ಲು ಬಂದರೆ, "ಅದು ದಲಾಲಿಯ ತಪ್ಪು" ಎಂದು ಗಿರಾಕಿಗೆ ಹೇಳಿ ಪಾರಾಗುತ್ತೀರಾ? ಇಲ್ಲ. ಕಂಪನಿಗೆ ಮಾತ್ರ ಬೇರೆ ನ್ಯಾಯವೇ? ಕಂಪನಿಯ ಮನುಷ್ಯ ಸೀಸನ್ನಿನಲ್ಲಿ ಹೊಲಕ್ಕೆ ಬಾರಿ ಬಾರಿ ಬರುತ್ತಾನೆ. ಬೇರೆ ತಳಿಯ ಒಂದು ಗಿಡ ಸಾಲಿನಲ್ಲಿ ನಿಂತಿದ್ದರೂ ಗುರುತಿಸಿ ಕೀಳಿಸುತ್ತಾನೆ. ಕಲಬೆರಕೆಯ ಗಿಡ ಕಾಣುವ ಕಣ್ಣಿಗೆ ಅದೇ ಸಾಲಿನಲ್ಲಿ ನಿಂತ ಮಗು ಕಾಣುವುದಿಲ್ಲವೇ? ಬೀಜದ ಶುದ್ಧಿಗೆ ಕಂಪನಿಯ ಕೈ ಹೊಲದವರೆಗೆ ಚಾಚುವುದಾದರೆ ಕೂಲಿಯ ಶುದ್ಧಿಗೂ ಚಾಚಬೇಕು.

ಆಗದ ಮಾತೂ ಅಲ್ಲ. ಆಂಧ್ರದ ಹೊಲಗಳ ಮೇಲೆ ೨೦೦೩ರಲ್ಲಿ ವರದಿ ಹೊರಬಂದು ದೇಶ ವಿದೇಶಗಳಲ್ಲಿ ಕೂಗೆದ್ದ ಮೇಲೆ, ಮಕ್ಕಳನ್ನು ದುಡಿಸದ ರೈತನಿಗೆ ನೂರಕ್ಕೆ ೫ರಷ್ಟು ಹೆಚ್ಚು ದರ ಕೊಡಲು ಬೇಯರ್ ಮತ್ತು ಮೊನ್ಸಾಂಟೊ ಕಂಪನಿಗಳು ಒಪ್ಪಿದವು. ಒಪ್ಪಿದ್ದರಲ್ಲೇ ಒಂದು ಸತ್ಯ ಹೊರಬಿತ್ತು: ರೋಗದ ಬೇರು ದರದಲ್ಲಿದೆ. ಅಂಗಡಿಯಲ್ಲಿ ಮಾರುವ ಹತ್ತಿ ಬೀಜದ ಪೊಟ್ಟಣದ ಗರಿಷ್ಠ ಬೆಲೆಯನ್ನು ೨೦೧೬ರಿಂದ ಕೇಂದ್ರ ಸರ್ಕಾರ ಗೊತ್ತುಮಾಡುತ್ತಿದೆ. ಬೀಜ ಬೆಳೆದ ರೈತನ ದರ ಮಾತ್ರ ಕಂಪನಿಯ ಕರಾರಿಗೆ ಬಿಟ್ಟದ್ದು.

ಕಾಯಿದೆ ಏನು ಹೇಳುತ್ತದೆ? ೨೦೧೬ರ ತಿದ್ದುಪಡಿಯ ಮೇಲೆ ೧೪ ವರ್ಷದೊಳಗಿನ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆಯ ಹೊತ್ತಿನ ಆಚೆ ಮನೆತನದ ಕೆಲಸಕ್ಕೆ ನೆರವಾಗಬಹುದೆಂದು ಒಂದು ಕಿಂಡಿ ಬಿಟ್ಟಿದ್ದಾರೆ. ಕಂಪನಿಯ ಬೀಜದ ಹೊಲ ಈ ಕಿಂಡಿಯಲ್ಲಿ "ಮನೆಯ ಹೊಲ"ವಾಗಿ ನುಸುಳುತ್ತದೆ. ತನ್ನ ಸರಕಿಗೆ ಸಂಬಂಧಪಟ್ಟ ಅನ್ಯಾಯವನ್ನು ತಡೆಯಲು ಕಂಪನಿ ಯತ್ನಿಸಬೇಕು, ಅದು ಬೇರೆಯವರ ಕೈಯಿಂದ ನಡೆದರೂ ಸರಿ ಎಂದು ವಿಶ್ವಸಂಸ್ಥೆಯ ತತ್ವಗಳು ೨೦೧೧ರಲ್ಲಿಯೇ ಸಾರಿವೆ. ನಮ್ಮ ಸರ್ಕಾರವೂ ೨೦೧೯ರಲ್ಲಿ ಇಂಥ ಮಾರ್ಗಸೂಚಿ ಹೊರಡಿಸಿತು. ಮಾತು ಚೆನ್ನ, ಆದರೆ ಮುರಿದವರಿಗೆ ಶಿಕ್ಷೆಯಿಲ್ಲ. ಶಾಲೆಗೆ ಬಣ್ಣ ಬಳಿಸಿ ಕಂಪನಿಯವರು ಫೋಟೋ ಹೊಡೆಸಿಕೊಳ್ಳುತ್ತಾರೆ. ನಮಗೆ ಬಣ್ಣ ಬೇಡ, ಶಾಲೆಯೊಳಗೆ ಮಕ್ಕಳು ಬೇಕು.

ಆದ್ದರಿಂದ ನಾವು ಕೇಳುವುದು ನಾಲ್ಕೇ ಮಾತು. ಒಂದು, ಬೀಜ ಬೆಳೆಯುವ ರೈತನೊಡನೆ ಕಂಪನಿ ಲಿಖಿತ ಕರಾರು ಮಾಡಬೇಕು. ವಯಸ್ಕರ ಕನಿಷ್ಠ ಕೂಲಿ ಅವನ ದರದಲ್ಲಿ ಸೇರಿರಬೇಕು. ಎರಡು, ಯಾವ ಕಂಪನಿಗೆ ಯಾವ ಹೊಲ ಎಂಬ ಪಟ್ಟಿಯನ್ನು ಗ್ರಾಮ ಪಂಚಾಯತಿಯ ಗೋಡೆಗೆ ಅಂಟಿಸಬೇಕು. ಮೂರು, ಆ ಪಟ್ಟಿಯನ್ನು ಶಾಲೆಯ ಹಾಜರಿ ಪುಸ್ತಕದೊಡನೆ ತಾಳೆ ನೋಡಬೇಕು. ನಾಲ್ಕು, ಮಗು ಸಿಕ್ಕರೆ ಕಂಪನಿಯೂ ದಂಡ ತೆರಬೇಕು. ೧೯೯೬ರಲ್ಲಿ ಶಿವಕಾಶಿಯ ಮಕ್ಕಳ ಮೊಕದ್ದಮೆಯಲ್ಲಿ, ದುಡಿಸಿಕೊಂಡ ಧಣಿ ಮಗುವೊಂದಕ್ಕೆ ೨೦,೦೦೦ ರೂಪಾಯಿ ಕಟ್ಟಬೇಕೆಂದು ಸುಪ್ರೀಂ ಕೋರ್ಟು ವಿಧಿಸಿತು. ಆ ಹೊಣೆ ಧಣಿಯ ಹಿಂದಿನ ಧಣಿಗೂ ತಟ್ಟಬೇಕು.

ಸರ್ಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂಡುವುದು ಬೇಡ. ಬೀಜ ಮಾರುವ ವರ್ತಕರು ಕಂಪನಿಯ ಪ್ರತಿನಿಧಿ ಬಂದಾಗ, "ಈ ಬೀಜ ಯಾವ ಊರಿನದು, ಕ್ರಾಸಿಂಗ್ ಯಾರು ಮಾಡಿದರು?" ಎಂದು ಕೇಳಿರಿ. ಕಾಮಗಾರ ಸಂಗಾತಿಗಳು ಹಬ್ಬಕ್ಕೆ ನಿಮ್ಮ ಹಳ್ಳಿಗೆ ಹೋದಾಗ ಶಾಲೆಯ ಬೆಂಚು ನೋಡಿ ಬನ್ನಿರಿ. ಮಗು ಹೊಲದಲ್ಲಿದ್ದರೆ ೧೦೯೮ಕ್ಕೆ ಫೋನು ಮಾಡಿರಿ, ಸಂಘಕ್ಕೂ ತಿಳಿಸಿರಿ. ಆದರೆ ತಾಯಿಯನ್ನು ಬೈಯಬೇಡಿರಿ. ಅವಳಿಗೆ ಮುಂಗಡದ ಬದಲು ಪೂರ್ತಿ ಕೂಲಿ ಸಿಗುವಂತೆ ನಿಲ್ಲಿರಿ. ದೊಡ್ಡವರ ಕೂಲಿ ಏರಿದ ಮನೆಯಲ್ಲಿ ಮಗುವಿನ ಚೀಲಕ್ಕೆ ಪುಸ್ತಕ ತಾನಾಗಿ ಬರುತ್ತದೆ.